ಅಣ್ಣನನ್ನು ಹಿಂದೆ ನಿಲ್ಲಿಸಿದ ಮೇಷ್ಟ್ರು

ಹೋದ ವಾರ ಮೊಮ್ಮಗ ಬಡಾವಣೆಯ ಮೈದಾನದಲ್ಲಿ ಆಡಲು ಹೋಗಿ ಕಾಲು ಉಳುಕಿಸಿಕೊಂಡು ಬಂದ. ಸೊಸೆ ಎಲ್ಲಿಂದಲೋ ಒಂದು ಸಣ್ಣ ಸೀಸೆ ನೀಲಗಿರಿ ಎಣ್ಣೆ ಹುಡುಕಿ ತಂದು ಅವನ ಪಾದಕ್ಕೆ ತಿಕ್ಕತೊಡಗಿದಳು. ನಾನು ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಆ ವಾಸನೆ ನಡುಮನೆ ದಾಟಿ ಒಳಗೆ ಬಂದದ್ದೇ ತಡ, ಕೈ ನಿಂತುಹೋಯಿತು. ಗುಂಡ್ಲುಪೇಟೆಯ ನಮ್ಮ ಮನೆಯ ಮುಂದಿನ ಕೋಣೆ, ಅದರ ಗೋಡೆಗೆ ಒರಗಿಸಿದ್ದ ಸೈಕಲ್ಲು, ಬಾಗಿಲ ಹಿಂದೆ ಬಲೆಯ ಚೀಲದಲ್ಲಿ ನೇತಾಡುತ್ತಿದ್ದ ಚರ್ಮದ ಚೆಂಡು... ಆಮೇಲೆ ಡ್ರಿಲ್ ಮೇಷ್ಟ್ರು.

ಅವರು ನಮ್ಮೂರ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ನಾನು ಓದು ಬಿಟ್ಟು ಮನೆಯಲ್ಲಿದ್ದೆ. ಮದುವೆಯ ಮಾತು ಶುರುವಾಗಿದ್ದ ವಯಸ್ಸು. ನಮ್ಮ ಮನೆಯ ಮುಂಭಾಗದ ಎರಡು ಕೋಣೆಗಳನ್ನು ಅಪ್ಪ ಅವರಿಗೆ ಬಾಡಿಗೆಗೆ ಕೊಟ್ಟ. ಕೋಲಾರದ ಚಿನ್ನದ ಗಣಿ ಕಡೆಯವರು. ಕುಳ್ಳಗೆ, ಕಪ್ಪಗೆ, ಯಾವಾಗಲೂ ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ. ಮಾತು ಕಡಿಮೆ. ಆಡಿದರೆ ಪುಸ್ತಕ ಓದಿದ ಹಾಗೆ ಬಿಡಿಸಿ ಬಿಡಿಸಿ ಆಡುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಊಟಿಯಿಂದ ಇಳಿದು ಬರುವ ಲಾರಿಯವರ ಕೈಲಿ ಮೇಷ್ಟ್ರು ನೀಲಗಿರಿ ಎಣ್ಣೆ ತರಿಸುತ್ತಿದ್ದರು. ಸಂಜೆ ಆಟ ಮುಗಿಸಿ ಬಂದ ಹುಡುಗರನ್ನು ನಮ್ಮ ಜಗಲಿಯ ಮೇಲೆ ಸಾಲಾಗಿ ಕೂರಿಸಿಕೊಂಡು, ಯಾರ ಮಗ ಎಂದು ಕೇಳದೆ, ಅವರ ಮೀನಖಂಡಕ್ಕೆ ತಾವೇ ತಿಕ್ಕುತ್ತಿದ್ದರು. ಮೇಷ್ಟ್ರಾದವರು ಹೀಗೆ ಹುಡುಗರ ಕಾಲು ಹಿಡಿಯುವುದು ನಮ್ಮ ಬೀದಿಯಲ್ಲಿ ಯಾರಿಗೂ ಸರಿ ಕಾಣಲಿಲ್ಲ. ಅವರು ಮಾತ್ರ ಅದನ್ನು ಗಮನಿಸಿದಂತೆಯೇ ಇರಲಿಲ್ಲ.

ನಮ್ಮ ಹಿತ್ತಲ ಗೋಡೆಯ ಆಚೆಗೇ ಸ್ಕೂಲಿನ ಮೈದಾನ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ ಈ ತುದಿಯ ಗೋಲಿನಿಂದ ಆ ತುದಿಯ ಗೋಲಿನವರೆಗೂ ಕಾಣಿಸುತ್ತಿತ್ತು. ಅವ್ವ ಮತ್ತು ನಾನು ಅಲ್ಲಿ ನಿಂತು ನೋಡದ ಆಟವಿಲ್ಲ. ಅವ್ವ ಸಾರಿಗೆ ಬೇಳೆ ಇಟ್ಟು ಬಂದವಳು ಅದು ಸೀದು ಹೋದ ವಾಸನೆ ಬರುವ ತನಕ ನಿಂತೇ ಇರುತ್ತಿದ್ದಳು. ಮೇಷ್ಟ್ರು ಬರುವುದಕ್ಕೆ ಮೊದಲು ನಮ್ಮೂರಲ್ಲಿ ಫುಟ್‌ಬಾಲ್ ಎಂದರೆ ಚೆಂಡು ಎಲ್ಲಿದೆಯೋ ಅಲ್ಲಿಗೆ ಎಲ್ಲರೂ ಓಡುವುದು, ಬರಿಗಾಲಲ್ಲಿ ಒಬ್ಬರನ್ನೊಬ್ಬರು ತುಳಿದುಕೊಳ್ಳುವುದು, ಅಷ್ಟೆ. ಅವರು ಸುಣ್ಣದ ಗೆರೆ ಎಳೆಸಿ, ಸ್ಕೂಲಿನ ದೊಡ್ಡ ಹುಡುಗರನ್ನೂ ಊರಿನ ಹೈಕಳನ್ನೂ ಸೇರಿಸಿ ಒಂದು ತಂಡ ಕಟ್ಟಿದರು. ಯಾರ ಜಾಗ ಎಲ್ಲಿ ಎಂದು ಕಲಿಸಿದರು.

ನಮ್ಮಣ್ಣ ಆ ತಂಡದ ಸೆಂಟರ್ ಫಾರ್ವರ್ಡ್. ಅಪ್ಪನ ಅರಿಶಿನದ ಮಂಡಿಯಲ್ಲಿ ಮೂಟೆ ಹೊರಿಸಿ, ತೂಗಿಸಿ, ಸಂಜೆ ಅರಿಶಿನದ ಕೈಯಲ್ಲೇ ಮೈದಾನಕ್ಕೆ ಓಡುತ್ತಿದ್ದ. ಅವನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಸುತ್ತಲಿನವರೆಲ್ಲ ಎದ್ದು ನಿಲ್ಲುತ್ತಿದ್ದರು. ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಯವನು ಅಂಗಡಿಗೆ ಹಲಗೆ ಹಾಕಿಕೊಂಡು ಬಂದು ನೋಡುತ್ತಿದ್ದ. ಅಪ್ಪನಂತೂ, ಗಿರಾಕಿಗಳ ಹತ್ತಿರ ಅರಿಶಿನದ ಧಾರಣೆ ಮಾತಾಡುವುದಕ್ಕಿಂತ ಮಗನ ಗೋಲಿನ ಮಾತು ಆಡಿದ್ದೇ ಹೆಚ್ಚು.

ಮೊದಲ ವರ್ಷವೇ ನಾವು ಸುತ್ತಮುತ್ತಲ ಊರುಗಳನ್ನೆಲ್ಲ ಸೋಲಿಸಿ ಊರೂರಿನ ತಂಡಗಳು ವರ್ಷವರ್ಷ ಆಡುವ ಷೀಲ್ಡಿನ ಕೊನೆಯ ಆಟಕ್ಕೆ ಚಾಮರಾಜನಗರಕ್ಕೆ ಹೋದೆವು. ಅಲ್ಲಿ ಐದು ಗೋಲು ತಿಂದು ಬಂದೆವು. ನಮ್ಮವರೆಲ್ಲ ಮುಂದಕ್ಕೆ ನುಗ್ಗಿದಾಗ ಅವರು ಖಾಲಿ ಬಿದ್ದ ಜಾಗದಲ್ಲಿ ಚೆಂಡು ತಂದು ಒಂದಾದ ಮೇಲೊಂದು ಹೊಡೆದರಂತೆ. ಗೋಲಿನಲ್ಲಿ ನಿಂತಿದ್ದವನು ನಮ್ಮ ಬೀದಿಯ ದರ್ಜಿಯ ಮಗ, ಬಡಕಲು ಹುಡುಗ. ಬರುವಾಗ ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೂ ಊರವರು ಅವನೊಬ್ಬನನ್ನೇ ಹಿಡಿದುಕೊಂಡು ಬಯ್ದರೆಂದು ಅಣ್ಣ ಹೇಳಿದ್ದ. ಆಮೇಲೂ ಬಿಡಲಿಲ್ಲ. ಆ ಹುಡುಗ ಅಂಗಡಿಗೆ ಹೋದರೆ ಐದು ಬೆರಳು ತೋರಿಸುತ್ತಿದ್ದರು. ಅವನು ಮೈದಾನಕ್ಕೆ ಬರುವುದನ್ನೇ ಬಿಟ್ಟು ಅಪ್ಪನ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕೂತುಬಿಟ್ಟ.

ಮುಂದಿನ ವರ್ಷ ಮಳೆ ಕಡಿಮೆಯಾಗಿ ಆಟ ಮತ್ತೆ ಶುರುವಾಗುವ ಹೊತ್ತಿಗೆ ಮೇಷ್ಟ್ರು ಒಂದು ಸಂಜೆ ಹುಡುಗರನ್ನೆಲ್ಲ ನಮ್ಮ ಜಗಲಿಯ ಮೇಲೆ ಕೂರಿಸಿಕೊಂಡು ಹುಣಸೆಬೀಜಗಳನ್ನು ಹರಡಿದರು. ದರ್ಜಿಯ ಮಗನೂ ಬಂದಿದ್ದ. ಮೇಷ್ಟ್ರು ತಾವೇ ಹೋಗಿ ಕರೆದುಕೊಂಡು ಬಂದಿದ್ದರು. ಒಂದೊಂದು ಬೀಜ ಒಬ್ಬೊಬ್ಬ ಆಟಗಾರ. ಮುಂದಿನ ಸಾಲಿನ ನಡುವೆ ಇದ್ದ ಬೀಜವನ್ನು ಎತ್ತಿ, ಹಿಂದೆ ಗೋಲಿನ ಮುಂದೆ, ಇಬ್ಬರು ಬ್ಯಾಕುಗಳ ನಡುವೆ ಇಟ್ಟರು. ಇನ್ನು ಮೇಲೆ ನಿನ್ನ ಜಾಗ ಇದು ಎಂದು ಅಣ್ಣನಿಗೆ ಹೇಳಿದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಣ್ಣ ಆ ಬೀಜವನ್ನೇ ನೋಡುತ್ತಾ ಕೂತಿದ್ದ...

ಅಲ್ಲಿಂದ ಊರಿನ ನೆಮ್ಮದಿ ಕೆಟ್ಟಿತು.

ಮೊದಲ ಆಟದಲ್ಲಿ ಒಂದೇ ಗೋಲಿನಿಂದ ಗೆದ್ದೆವು. ಎರಡನೆಯದರಲ್ಲೂ ಒಂದೇ. ಅಣ್ಣ ಹಿಂದೆ ನಿಂತು ಬಂದ ಚೆಂಡನ್ನೆಲ್ಲ ತಡೆದು ತಡೆದು ಕಳಿಸುತ್ತಿದ್ದ, ಅಷ್ಟೆ. ಜನ ಮೈದಾನದ ಸುತ್ತ ನಿಂತು ಗೊಣಗುತ್ತಿದ್ದರು. ಮೂರನೆಯದು ತೆರಕಣಾಂಬಿಯವರ ಮೇಲೆ. ಅವರದು ಚಿಕ್ಕ ಊರಿನ ತಂಡ, ಹಿಂದಿನ ವರ್ಷ ಅವರ ಮೇಲೆ ಅಣ್ಣನೊಬ್ಬನೇ ಮೂರು ಗೋಲು ಹೊಡೆದಿದ್ದ. ಈ ಸಲ ಯಾರಿಗೂ ಗೋಲಿಲ್ಲದೆ ಆಟ ಮುಗಿಯಿತು. ಮಾರನೆಯ ದಿನ ಮತ್ತೆ ಆಡಿ, ಕೊನೆಗಳಿಗೆಯಲ್ಲಿ ಹೇಗೋ ಒಂದು ಗೋಲು ತಗಲಿ ನಾವು ಮುಂದಕ್ಕೆ ಹೋದೆವು. ಗೆದ್ದು ಬಂದ ತಂಡಕ್ಕೆ ಊರವರು ಮುಖ ಕೊಟ್ಟು ಮಾತಾಡಲಿಲ್ಲ. ಸೋಡಾ ಅಂಗಡಿಯವನು ಅಪ್ಪನ ಮಂಡಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದನಂತೆ.

"ಓಡೋ ಕುದ್ರೆನ ತಕ್ಕಂಡೋಗಿ ಬಾಗ್ಲು ಕಾಯಾಕ ಕಟ್ಟವ್ರ ಯಜಮಾನ್ರೇ, ನಿಮ್ ಬಾಡ್ಗೆ ಮೇಷ್ಟ್ರು."

ಅಪ್ಪನಿಗೆ ಆ ಮಾತು ನಾಟಿಬಿಟ್ಟಿತು. ಆ ದಿನ ಊಟಕ್ಕೆ ಕೂತಾಗ ಮುಂದೆ ಆಡಿಸದಿದ್ದರೆ ನೀನು ಆಡುವುದೇ ಬೇಡ ಎಂದ. ಅಣ್ಣ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಅವನಿಗೂ ಒಳಗೆ ಬೇಗೆಯಿತ್ತು, ನನಗೆ ಗೊತ್ತು. ಹಿಂದೆ ನಿಂತು ಆಡಿ ಬಂದ ದಿನ ಅವನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಆದರೆ ಅಪ್ಪನ ಮುಖ ನೋಡದೆ, ಮೇಷ್ಟ್ರು ಎಲ್ಲಿ ನಿಲ್ಲು ಎನ್ನುತ್ತಾರೋ ಅಲ್ಲಿ ನಿಲ್ಲುತ್ತೇನೆ ಎಂದ. ಅಪ್ಪ ಅರ್ಧ ಊಟಕ್ಕೆ ಎದ್ದು ಕೈ ತೊಳೆದ. ಆ ಮೇಲಿನ ದಿನಗಳಲ್ಲಿ ತಂದೆ ಮಗ ಇಬ್ಬರೂ ಮಂಡಿಯಲ್ಲಿ ತಕ್ಕಡಿಯ ಆಚೆ ಈಚೆ ನಿಂತು, ಮೂಟೆಯ ಲೆಕ್ಕ ಬಿಟ್ಟರೆ ಬೇರೆ ಮಾತಿಲ್ಲದೆ ಕೆಲಸ ಮಾಡಿದರು. ಮುಂದಿನ ಕೋಣೆಯಲ್ಲಿ ಮೇಷ್ಟ್ರು, ನಡುಮನೆಯಲ್ಲಿ ಅಪ್ಪ. ನಡುವೆ ಒಂದು ಬಾಗಿಲು. ಆ ಬಾಗಿಲನ್ನು ಅಪ್ಪ ತೆಗೆಯುತ್ತಲೇ ಇರಲಿಲ್ಲ.

ನನಗೂ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರು ಬಾವಿಯ ಹತ್ತಿರ ಸೈಕಲ್ಲು ತೊಳೆಯುತ್ತಿದ್ದಾಗ, ಕೊಡ ಇಳಿಸಿ ನೇರವಾಗಿ ಕೇಳಿಬಿಟ್ಟೆ. ನಮ್ಮಣ್ಣ ನಿಮಗೆ ಏನು ಅನ್ಯಾಯ ಮಾಡಿದ ಎಂದೆ. ಹೆಣ್ಣುಮಗಳೊಬ್ಬಳು ಫುಟ್‌ಬಾಲಿನ ವಿಷಯ ಕೇಳುತ್ತಾಳೆಂದು ಅವರು ನಗಲಿಲ್ಲ. ಸೈಕಲ್ಲು ಬಿಟ್ಟು ಎದ್ದು ನಿಂತರು.

"ಹೋದ ವರ್ಷ ಐದನೇ ಗೋಲು ಆದಾಗ ಆ ದರ್ಜಿ ಹುಡುಗ ಸುತ್ತ ತಿರುಗಿ ನೋಡಿದ ಕಣಮ್ಮಾ. ಅವನ ಹತ್ತಿರ ಒಬ್ಬನೂ ಇರಲಿಲ್ಲ. ಎಲ್ಲರೂ ಗೋಲು ಹೊಡೆಯೋದಕ್ಕೆ ಹೋಗಿದ್ರು."

ಅದಕ್ಕೆ ನಮ್ಮಣ್ಣನೇ ಆಗಬೇಕಿತ್ತೇ, ಬೇರೆ ಯಾರನ್ನಾದರೂ ನಿಲ್ಲಿಸಬಹುದಿತ್ತಲ್ಲ ಎಂದು ನಾನು ಬಿಡಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೆ ಎನ್ನುವುದು ನಿಮ್ಮಣ್ಣನೊಬ್ಬನಿಗೆ ಮೊದಲೇ ಗೊತ್ತಾಗುತ್ತದೆ, ಅದಕ್ಕೇ ಅವನು ಎಂದರು. ಅದು ನನಗೆ ಸಮಾಧಾನ ತರಲಿಲ್ಲ. ಕೊಡ ಎತ್ತಿಕೊಂಡು, ನೀರು ಚೆಲ್ಲಿಕೊಂಡೇ ಒಳಗೆ ಬಂದೆ. ಮುಂದಿನ ಸಾಲಿನಲ್ಲಿ ಗೋಲು ಹೊಡೆಯುವವನೇ ಇಲ್ಲದ ಮೇಲೆ ಹಿಂದೆ ಎಷ್ಟು ತಡೆದರೇನು ಎಂದು ನನಗೆ ಆಗಲೂ ಅನ್ನಿಸಿತ್ತು.

ಊರಿನ ಸಿಟ್ಟು ದಿನದಿನಕ್ಕೂ ಏರಿತು. ಅಕ್ಕ ಬೀದಿ ನಲ್ಲಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ಬಿಂದಿಗೆ ಮುಂದಕ್ಕೆ ತಳ್ಳಿಕೊಳ್ಳುತ್ತಿದ್ದರು. ಕೊನೆಕೊನೆಗೆ ಅಕ್ಕ ನಮ್ಮ ಬಾವಿಯ ನೀರನ್ನೇ ಕುಡಿಯಲಿಕ್ಕೂ ಸೇದಿಕೊಂಡರು. ಒಂದು ದಿನ ಯಾರೋ ಮೇಷ್ಟ್ರ ಸೈಕಲ್ಲಿನ ಸೀಟಿಗೆ ಸಗಣಿ ಬಳಿದಿದ್ದರು. ಇನ್ನೊಂದು ಸಂಜೆ ಮುಂದಿನ ಕೋಣೆಯ ಹೆಂಚಿನ ಮೇಲೆ ಕಲ್ಲು ಬಿತ್ತು. ಅಪ್ಪ ನಡುಮನೆಯಲ್ಲಿ ಕೂತಿದ್ದ. ಒಡೆದದ್ದು ಅವನದೇ ಮನೆಯ ಹೆಂಚು. ಆದರೂ ಏಳಲಿಲ್ಲ. ಮೇಷ್ಟ್ರೇ ಏಣಿ ಇಟ್ಟುಕೊಂಡು ಹತ್ತಿ ಹೆಂಚು ಬದಲಾಯಿಸಿದರು. ಅಕ್ಕ ಕೆಳಗೆ ಏಣಿ ಹಿಡಿದು ನಿಂತು, ಬೀದಿಯ ಕಡೆಗೇ ನೋಡುತ್ತಿದ್ದರು...

ಅಷ್ಟಾದರೂ ತಂಡ ಸೋಲಲಿಲ್ಲ, ಅದೇ ವಿಚಿತ್ರ. ಗೊಣಗುತ್ತ ಗೊಣಗುತ್ತಲೇ ನಾವು ಮತ್ತೆ ಕೊನೆಯ ಆಟಕ್ಕೆ ಬಂದೆವು. ಎದುರಿಗೆ ಮತ್ತೆ ಚಾಮರಾಜನಗರ. ಈ ಸಲ ಆಟ ನಮ್ಮೂರಲ್ಲೇ, ನಮ್ಮ ಹಿತ್ತಲ ಗೋಡೆಯ ಆಚೆ.

ಅವತ್ತು ಮಧ್ಯಾಹ್ನದಿಂದಲೇ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ಕವಿದು, ಬೀಸಿದ ಗಾಳಿಗೆ ಮೈದಾನದ ದೂಳೆಲ್ಲ ಎದ್ದಿತ್ತು. ಚಾಮರಾಜನಗರದವರು ಬಸ್ಸು ತುಂಬಾ ಬಂದಿಳಿದರು. ಚಂದಕವಾಡಿ ಕಡೆಯಿಂದಲೂ ಅವರ ಪರವಾಗಿ ಕೂಗಲು ಜನ ಬಂದಿದ್ದರು. ನಮ್ಮೂರಲ್ಲಿ ಅಂಗಡಿ ಮುಂಗಟ್ಟೆಲ್ಲ ಮುಚ್ಚಿ ಗಂಡಸರೆಲ್ಲ ಮೈದಾನದಲ್ಲೇ. ಒಗೆಯುವ ಕಲ್ಲಿನ ಮೇಲೆ ಅವ್ವ, ನಾನು, ನಡುವೆ ಮೇಷ್ಟ್ರ ಹೆಂಡತಿ. ಅವರು ಆಟ ನೋಡಲು ಬಂದದ್ದು ಅದೊಂದೇ ಸಲ. ಮುಂದಿನ ಕೋಣೆಯಲ್ಲಿ ಒಬ್ಬರೇ ಕೂರಲು ಹೆದರಿಕೆ ಎಂದು ಅವ್ವನೇ ಕರೆದುಕೊಂಡಿದ್ದಳು. ಅವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. 

ಮೊದಲರ್ಧ ಯಾರಿಗೂ ಗೋಲಿಲ್ಲ. ಅಣ್ಣ ಗೋಲಿನ ಮುಂದೆ ಗೋಡೆಯ ಹಾಗೆ ನಿಂತಿದ್ದ. ಹಿಂದಿನ ವರ್ಷ ಐದು ಗೋಲು ಹೊಡೆದವರಿಗೆ ಈ ಸಲ ದರ್ಜಿಯ ಮಗನ ಹತ್ತಿರಕ್ಕೂ ಬರಲಾಗುತ್ತಿರಲಿಲ್ಲ. ಆದರೆ ನಮ್ಮವರು ಅತ್ತ ಕಡೆ ಹೋದಾಗಲೂ ಏನೂ ಆಗುತ್ತಿರಲಿಲ್ಲ. ಚೆಂಡು ಅವರ ಗೋಲಿನ ಮುಂದೆ ಬಂದು ನಿಲ್ಲುತ್ತಿತ್ತು, ಹೊಡೆಯುವವರಿಲ್ಲ. ಎರಡನೆಯ ಅರ್ಧ ಸಾಗಿದಂತೆ ಜನ ತಾಳ್ಮೆ ಕಳೆದುಕೊಂಡರು. ಮೊದಲು ಒಬ್ಬಿಬ್ಬರು ಕೂಗುತ್ತಿದ್ದರು. ಆಮೇಲೆ ಮೈದಾನದ ಒಂದು ಬದಿಗೆ ಬದಿಯೇ ಅಣ್ಣನ ಹೆಸರು ಹಿಡಿದು ಕೂಗತೊಡಗಿತು. ಮೇಷ್ಟ್ರು ಗೆರೆಯ ಹತ್ತಿರ ಕೈಕಟ್ಟಿ ನಿಂತಿದ್ದರು. ಅವರ ಬೆನ್ನ ಹಿಂದೆಯೇ ಸೋಡಾ ಅಂಗಡಿಯವನು ಬಾಯಿಗೆ ಬಂದಂತೆ ಬಯ್ಯುತ್ತಿದ್ದುದು ಗೋಡೆಯ ಈಚೆ ನಮಗೂ ಕೇಳುತ್ತಿತ್ತು.

ಆಗ ಅಪ್ಪ ಗುಂಪು ಸೀಳಿಕೊಂಡು ಗೆರೆಯವರೆಗೆ ಬಂದ. ಕರಿ ಕೋಟು, ತಲೆಗೆ ಸುತ್ತಿದ ವಲ್ಲಿ ಬಿಚ್ಚಿಹೋಗಿ ಹೆಗಲ ಮೇಲೆ ಬಿದ್ದಿತ್ತು.

"ಮುಂದ್ಕ ಓಗ್ಲಾ ಮಗಾ. ಯಾರ್ ಮಾತೂ ಕೇಳ್ಬ್ಯಾಡ, ಮುಂದ್ಕ ಓಗು."

ಅಣ್ಣ ತಿರುಗಿ ಅಪ್ಪನನ್ನು ನೋಡಿದ. ಆಮೇಲೆ ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಕಟ್ಟಿದ್ದ ಕೈ ಬಿಡಿಸಿ, ಅಂಗೈ ಕೆಳಗೆ ಮಾಡಿ, ಅಲ್ಲೇ ಇರು ಎನ್ನುವಂತೆ ನಿಧಾನವಾಗಿ ಒತ್ತಿ ತೋರಿಸಿದರು. ಅಣ್ಣ ಎರಡು ಹೆಜ್ಜೆ ಮುಂದೆ ಹೋದವನು ನಿಂತ. ಹಿಂದೆ ಬಂದ. ಅವ್ವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನೂ ಒಳಗೊಳಗೇ ಹೋಗು, ಹೋಗು ಎನ್ನುತ್ತಿದ್ದೆ.

ಆಟ ಮುಗಿಯಲು ಇನ್ನು ಸ್ವಲ್ಪವೇ ಇತ್ತು. ಅವರಿಗೆ ಬಲಗಡೆ ಒಂದು ಕಾರ್ನರ್ ಸಿಕ್ಕಿತು. ಗಾಳಿಗೆ ಚೆಂಡು ತಿರುಗಿಕೊಂಡು ಬಂತು. ಅಣ್ಣ ಎಲ್ಲರಿಗಿಂತ ಮೊದಲು ಅದರ ದಾರಿಗೆ ಅಡ್ಡ ಬಂದು ಕಾಲು ಚಾಚಿದ. ಅದು ಅವನ ಪಾದಕ್ಕೆ ಸಿಕ್ಕದೆ ಮೊಣಕಾಲ ಕೆಳಗಿನ ಮೂಳೆಗೆ ಬಡಿದು, ಒಳಕ್ಕೆ ತಿರುಗಿ, ದರ್ಜಿಯ ಮಗನ ಪಕ್ಕದಿಂದ ನಮ್ಮದೇ ಗೋಲಿಗೆ ಹೋಯಿತು.

ಮೈದಾನದಲ್ಲಿ ಅರ್ಧ ಭಾಗ ಕುಣಿಯಿತು, ಅರ್ಧ ಭಾಗ ಸದ್ದಿಲ್ಲದೆ ನಿಂತಿತು. ಅಣ್ಣ ಅಲ್ಲೇ ಕುಸಿದು ಕೂತ. ದರ್ಜಿಯ ಮಗ ಬಂದು ಅವನ ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈ ಇಟ್ಟ. ಆಮೇಲೆ ಸ್ವಲ್ಪ ಹೊತ್ತಿಗೇ ರೆಫರಿ ಸೀಟಿ ಊದಿದ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಜಗಲಿಯ ಮುಂದೆ ಜನ ಸೇರಿದ್ದರು. ಚಾಮರಾಜನಗರದವರು ಷೀಲ್ಡು ಹಿಡಿದು ಪೇಟೆ ಬೀದಿಯಲ್ಲಿ ಮೆರವಣಿಗೆ ಹೋದದ್ದನ್ನು ನೋಡಿ ಬಂದವರು, ಬಿಸಿಯಾಗಿಯೇ ಇದ್ದರು. ಕೆಲವರು ಜಗಲಿ ಹತ್ತಿದ್ದರು. ಅಣ್ಣ ಒಳಗೆ ಗೋಡೆಯ ಕಡೆಗೆ ತಿರುಗಿ ಮಲಗಿದ್ದ. ಅಪ್ಪ ಬಾಗಿಲಲ್ಲಿ ನಿಂತ. ನಾನೂ ಅವ್ವನೂ ಅವನ ಹಿಂದೆ. ಸೋಡಾ ಅಂಗಡಿಯವನೇ ಮುಂದೆ ಬಂದ.

"ಯಜಮಾನ್ರೇ, ಆ ಮನ್ಸನ್ನ ಇವತ್ತೇ ಖಾಲಿ ಮಾಡ್ಸಿ. ಊರ್ ಮರ್ವಾದಿ ಕಳದ್ಬುಟ್ಟ."

ಅಪ್ಪ ತಲೆಯಾಡಿಸಿದ. ನಾನು ಕಣ್ಣಾರೆ ನೋಡಿದೆ, ಅವನು ಹೂಂ ಎನ್ನುವವನೇ ಇದ್ದ. ಅಷ್ಟರಲ್ಲಿ ಹಿಂದಿನಿಂದ ಯಾರದೋ ದನಿ ಬಂತು.

"ಮೇಷ್ಟ್ರು ಒಬ್ರನ್ನೇ ಯಾಕಂದೀರಿ? ಹಿಂದ್ಕ ಹಾಕುದ್ರು ಅನ್ನೋ ಸಿಟ್ಗ ಆ ಹೈದ ಬೇಕಂತಲೇ ಹೊಡ್ಕಂಡ."

ಮಾತು ಗುಂಪಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿತು. ಹೌದು, ಬೇಕಂತಲೇ ಎಂದರು. ಹೊರಗೆ ಕರೆಯಿರಿ ಅವನನ್ನು, ಕೇಳೋಣ ಎಂದರು. ಅಪ್ಪನ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ಆಗ ಮುಂದಿನ ಕೋಣೆಯ ಬಾಗಿಲು ತೆರೆಯಿತು. ಅಕ್ಕ ಒಳಗಿನಿಂದ ಬೇಡ ಬೇಡ ಎನ್ನುತ್ತಿದ್ದರು. ಮೇಷ್ಟ್ರು ಹೊರಗೆ ಬಂದು ಜಗಲಿಯ ಅಂಚಿನವರೆಗೂ ನಡೆದು, ಗುಂಪಿಗೂ ನಮ್ಮ ಬಾಗಿಲಿಗೂ ನಡುವೆ ನಿಂತರು.

"ಅವನನ್ನ ಅಲ್ಲಿ ನಿಲ್ಲಿಸಿದ್ದು ನಾನು. ಅವನಿಗೆ ಇಷ್ಟ ಇರಲಿಲ್ಲ, ಆದರೂ ನಿಂತ. ಬಯ್ಯೋದಿದ್ರೆ ನನ್ನ ಬಯ್ಯಿರಿ. ಹೊಡೆಯೋದಿದ್ರೂ ಇಲ್ಲೇ ಇದ್ದೀನಿ."

ದನಿ ಏರಿಸಲಿಲ್ಲ. ಕತ್ತಲಿನಿಂದ ಒಂದು ಮಣ್ಣಿನ ಹೆಂಟೆ ಹಾರಿ ಬಂದು ಅವರ ಹುಬ್ಬಿನ ಮೇಲೆ ಬಡಿಯಿತು. ಅವರು ಕೈ ಎತ್ತಿ ಒರೆಸಿಕೊಳ್ಳಲಿಲ್ಲ. ಲಾಟೀನಿನ ಬೆಳಕಿನಲ್ಲಿ ರಕ್ತ ಸಣ್ಣಗೆ ಇಳಿಯುವುದು ಕಾಣುತ್ತಿತ್ತು. ಜನ ಇನ್ನೊಂದು ಹೆಜ್ಜೆ ಹತ್ತಿರ ಬಂದರು.

ಅಪ್ಪ ಹೊಸ್ತಿಲು ದಾಟಿದ. ಎಷ್ಟೋ ದಿನದಿಂದ ಮೇಷ್ಟ್ರ ಮುಖ ನೋಡದಿದ್ದವನು ಹೋಗಿ ಅವರ ಪಕ್ಕದಲ್ಲಿ ನಿಂತ.

"ಇದು ನನ್ನ್ ಮನೆ ಜಗ್ಲಿ. ಇಳೀರ್ಲಾ ಎಲ್ರೂವೆ."

 ಅಪ್ಪ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ನಿಂತ. ಅವರಲ್ಲಿ ಹೆಚ್ಚಿನವರು ಅವನ ಮಂಡಿಗೆ ಅರಿಶಿನ ತರುವವರು, ಸಂಜೆ ಅವನ ಜೊತೆ ಎಲೆಯಡಿಕೆ ಹಾಕುವವರು. ಮೊದಲು ಸೋಡಾ ಅಂಗಡಿಯವನು ಇಳಿದ. ಆಮೇಲೆ ಒಬ್ಬೊಬ್ಬರೇ ಬಯ್ದುಕೊಂಡು ಚದುರಿದರು.

ಅವ್ವ ಮೇಷ್ಟ್ರ ಹಣೆಗೆ ಅರಿಶಿನ ಒತ್ತಿದಳು. ಗಂಡ ಹೆಂಡತಿ ಇಬ್ಬರನ್ನೂ ನಡುಮನೆಗೆ ಕರೆದು ಎಲೆ ಹಾಕಿದಳು. ಅಪ್ಪ ಅನ್ನಕ್ಕೆ ಕೈ ಹಾಕದೆ ಕೂತಿದ್ದವನು ಕೊನೆಗೆ ಬಾಯಿ ಬಿಟ್ಟ.

"ಆದ್ರೂವೆ ನೀವ್ ಮಾಡುದ್ದು ತಪ್ಪು ಮೇಷ್ಟ್ರೇ. ಕೊನೇಲಾದ್ರೂ ಅವನ್ನ ಮುಂದ್ಕ ಬುಡ್ಬೇಕಾಗಿತ್ತು."

"ಬಿಡಬೇಕು ಅಂತ ನನಗೂ ಒಂದು ಗಳಿಗೆ ಅನ್ನಿಸ್ತು ಯಜಮಾನ್ರೇ."

"ಮತ್ಯಾಕ್ ಬುಡ್ನಿಲ್ಲ?"

"ಗೋಲಲ್ಲಿ ನಿಂತಿದ್ದ ಹುಡುಗನಿಗೆ ಮಾತು ಕೊಟ್ಟಿದ್ದೆ. ಒಬ್ಬನನ್ನೇ ಬಿಡಲ್ಲ, ಬಾ ಅಂತ ಹೇಳಿಯೇ ಅವನನ್ನ ಕರ್ಕೊಂಡು ಬಂದಿದ್ದು."

ಅಪ್ಪ ಒಪ್ಪಿದ ಎಂದಲ್ಲ. ಎಲೆಯ ಮೇಲೆ ಸಾರು ಹರಿದು ಹೋಗುವುದನ್ನು ನೋಡುತ್ತಾ ಕೂತಿದ್ದ. ಒಳಕೋಣೆಯಿಂದ ಅಣ್ಣ ಬಿಕ್ಕುವುದು ಕೇಳಿಸಿತು. ಮೇಷ್ಟ್ರು ಎಲೆ ಬಿಟ್ಟೆದ್ದು ಒಳಗೆ ಹೋದರು. ಏನು ಹೇಳಿದರೋ ಗೊತ್ತಿಲ್ಲ. ಅಣ್ಣ ಅದನ್ನು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ.

ಊರವರು ಆಮೇಲೆ ಮೇಲಿನವರಿಗೆ ಅರ್ಜಿ ಬರೆದರು. ಬೇಸಗೆ ರಜೆಯ ಹೊತ್ತಿಗೆ ಮೇಷ್ಟ್ರಿಗೆ ಬೇರೆ ಕಡೆ ವರ್ಗವಾಯಿತು. ಹೊರಡುವ ದಿನ ಅಣ್ಣನೂ ದರ್ಜಿಯ ಮಗನೂ ಅವರ ಸಾಮಾನನ್ನು ಬಸ್ಸಿನ ಮೇಲೆ ಹಾಕಿದರು. ಅಕ್ಕ ನನ್ನ ಗಲ್ಲ ಹಿಡಿದು, ಮದುವೆಗೆ ಹೇಳಿ ಕಳಿಸು ಎಂದರು. ಹೇಳಿ ಕಳಿಸಲು ನಾನು ಅವರ ವಿಳಾಸ ಕೇಳಿ ಇಟ್ಟುಕೊಳ್ಳಲಿಲ್ಲ. ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಆದರೆ ಬಸ್ಸು ಮಂಡಿ ದಾಟುವಾಗ ತೂಗುವುದನ್ನು ಬಿಟ್ಟು ಹೊರಗೆ ಬಂದು ನಿಂತಿದ್ದನಂತೆ.

ಮುಂದಿನ ವರ್ಷ ಅಣ್ಣನನ್ನು ಮತ್ತೆ ಮುಂದೆ ಆಡಿಸಿದರು. ಅವನು ಎರಡು ಗೋಲು ಹೊಡೆದ, ನಾವು ನಾಲ್ಕು ತಿಂದೆವು. ಆಮೇಲೆ ಅವನ ಮದುವೆಯಾಯಿತು, ಆಟ ನಿಂತಿತು. ಷೀಲ್ಡು ನಮ್ಮೂರಿಗೆ ಬಂದೇ ಇಲ್ಲ. ಆದರೂ ಅಪ್ಪ ತನ್ನ ವಾದ ಬಿಡಲಿಲ್ಲ. ಎಷ್ಟೋ ವರ್ಷಗಳ ತನಕ ಮಂಡಿಯಲ್ಲಿ ಯಾರು ಸಿಕ್ಕಿದರೂ, ಆ ಮೇಷ್ಟ್ರು ಎಂದಾದರೂ ಈ ಕಡೆ ಬಂದರೆ ಕೇಳುತ್ತೇನೆ, ಕೂರಿಸಿಕೊಂಡು ಒಪ್ಪಿಸುತ್ತೇನೆ ಎನ್ನುತ್ತಿದ್ದ.

ನಾನು ಬಾಣಂತನಕ್ಕೆ ತವರಿನಲ್ಲಿದ್ದಾಗ ಅಣ್ಣ ಅರಿಶಿನದ ವ್ಯಾಪಾರಕ್ಕೆಂದು ಬೆಂಗಳೂರಿಗೆ ಹೋದವನು, ಅಲ್ಲಿಂದ ರೈಲು ಹತ್ತಿ ಗಣಿ ಊರಿಗೆ ಹೋಗಿ ಮೇಷ್ಟ್ರ ಮನೆ ಹುಡುಕಿದ್ದ. ಮನೆ ಸಿಕ್ಕಿತು. ಅಕ್ಕ ಇದ್ದರು. ಮೇಷ್ಟ್ರು ತೀರಿಹೋಗಿ ವರ್ಷವಾಗಿತ್ತು. ಅಣ್ಣ ಊರಿಗೆ ಬಂದು ಅಪ್ಪನಿಗೆ ಇದನ್ನು ಹೇಳುವಾಗ ನಾನು ಪಕ್ಕದಲ್ಲೇ ಮಗುವಿಗೆ ಹಾಲು ಕುಡಿಸುತ್ತಿದ್ದೆ. 

"ಅವತ್ತು ಮುಂದ್ಕ ಬುಟ್ಟಿದ್ರ ಗೆಲ್ತಿದ್ದೋ ಕಣ್ಲಾ," ಎಂದ ಅಪ್ಪ. ಎನ್ನುತ್ತಲೇ ವಲ್ಲಿಯಿಂದ ಕಣ್ಣು ಒರೆಸಿಕೊಂಡ. "ಇನ್ಯಾರ್ ತಾವ ಜಗ್ಳ ಆಡ್ಲಿ."

ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪ ಹೋದ. ಅವ್ವ ಹೋದಳು. ಹೋದ ವರ್ಷ ಅಣ್ಣನೂ ಹೋದ. ಆ ಗೋಡೆಯ ಮೇಲಿಂದ ಆ ಆಟ ನೋಡಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ ಇರಬೇಕು. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ, ಸ್ಕೂಲಿಗೆ ಹೋದ ಮೇಲೆ ಒಬ್ಬಳೇ ಕೂತಿದ್ದಾಗ ಆ ಕೊನೆಯ ಹೊತ್ತು ಒಮ್ಮೊಮ್ಮೆ ಕಣ್ಣಿಗೆ ಬರುತ್ತದೆ. ಅಣ್ಣ ಎರಡು ಹೆಜ್ಜೆ ಮುಂದೆ ಹೋಗಿ ನಿಂತಿರುತ್ತಾನೆ. ನಾನು ಅಪ್ಪನ ಪರವಾಗಿ ವಾದ ಹೂಡುತ್ತೇನೆ. ಮೇಷ್ಟ್ರ ಪರವಾಗಿ ನಾನೇ ಉತ್ತರ ಕೊಡುತ್ತೇನೆ. ಎರಡು ಕಡೆಯೂ ಮಾತು ಮುಗಿದ ಮೇಲೆ ಸುಮ್ಮನೆ ಕೂತಿರುತ್ತೇನೆ... ಸರಿ ಎನ್ನುವುದಕ್ಕೂ ಯಾರಿಲ್ಲ, ತಪ್ಪು ಎನ್ನುವುದಕ್ಕೂ ಯಾರಿಲ್ಲ.